ಚೆನ್ನಾಜಮ್ಮನ ಒಂಟಿ ಸೀಗಡಿ

ಹೆಗ್ಗಡದೇವನಕೋಟೆಯಲ್ಲಿ ಬಟ್ಟೆ ಹೊಲಿಯುವ ಚೆನ್ನಾಜಮ್ಮ ಹೊಲಿಗೆ ಯಂತ್ರದ ಪಕ್ಕ ಗಾಜಿನ ತೊಟ್ಟಿಯಲ್ಲಿ ಕೆಂಪು ಸೀಗಡಿಗಳನ್ನು ಸಾಕಿದ್ದರು. ಒಮ್ಮೆ ನೀರನ್ನೆಲ್ಲ ಒಟ್ಟಿಗೇ ಬದಲಿಸಿದಾಗ ಒಂದನ್ನು ಬಿಟ್ಟು ಎಲ್ಲವೂ ಸತ್ತವು. ಅಂದಿನಿಂದ ನಲ್ಲಿ ನೀರನ್ನು ಒಂದು ದಿನ ಬಕೆಟ್ಟಿನಲ್ಲಿ ಇಟ್ಟು, ವಾರಕ್ಕೆ ಎರಡೇ ಚೊಂಬು ಬದಲಿಸುತ್ತಿದ್ದರು.

ಮೊನ್ನೆ ಬೆಳಿಗ್ಗೆ ಉಳಿದಿದ್ದ ಆ ಸೀಗಡಿಯೂ ತಳದಲ್ಲಿ ಅಲುಗಾಡದೆ ಬಿದ್ದಿತ್ತು. ಅದನ್ನು ಮಾರಿದ್ದ ಹುಣಸೂರಿನ ಶಿವಣ್ಣನಿಗೆ ಫೋನ್ ಮಾಡಿ, “ಅದೂ ಹೋಯ್ತು ಕಣಪ್ಪ” ಎಂದರು.

“ಎತ್ತಿ ನೋಡಕ್ಕ. ಟೊಳ್ಳಾಗಿದ್ರೆ ಅದು ಪೊರೆ ಕಣಕ್ಕ. ನೀರು ಸರಿಯಾಗಿದ್ರೆ ಅಂಗೇ ಕಳಚ್ಕಂಡು ಬೆಳೀತದೆ.”

ಚಮಚದಲ್ಲಿ ಎತ್ತಿದರೆ ಬರೀ ಪೊರೆ ಬಂತು. ಸೀಗಡಿ ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸುತ್ತ ಕೂತಿತ್ತು. ಚೆನ್ನಾಜಮ್ಮನಿಗೆ ಹೋದ ಜೀವ ಬಂದಂತಾಯಿತು.

“ಇನ್ನೂ ನಾಲ್ಕು ಎತ್ತಿಡಪ್ಪ, ನಾಳೆ ಬತ್ತೀನಿ” ಎಂದರು.