ಅಮೋನಿಯಾ ನೋಡಲು ಸಾಂಗ್ಲಿಗೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ರಾಯಬಾಗ ಸ್ಟೇಷನ್ನಿನಲ್ಲಿ ನಾವು ಮಿರಜದ ಪ್ಯಾಸೆಂಜರ್ ಹತ್ತಿದೆವು. ನಾನು, ಮತ್ತು ನನ್ನ ಹತ್ತನೆಯ ತರಗತಿಯ ಡಜನ್ನಿನಷ್ಟು ಮಕ್ಕಳು. ಥಂಡಿ ಜೋರಾಗಿತ್ತು. ಕೃಷ್ಣಾ ಸೇತುವೆಯ ಮೇಲೆ ಮಂಜು ಕವಿದು ನೀರೇ ಕಾಣಲಿಲ್ಲ.

ಹಲವು ವರ್ಷಗಳಿಂದ ನಾನು ಬೋರ್ಡಿನ ಮೇಲೆಯೇ ಅಮೋನಿಯಾ ತಯಾರಿಸುತ್ತ ಬಂದಿದ್ದೆ. ಸಾರಜನಕ ಒಂದು ಪಾಲು, ಜಲಜನಕ ಮೂರು ಪಾಲು, ಕಬ್ಬಿಣದ ಕ್ರಿಯಾವರ್ಧಕ, ಭಾರಿ ಒತ್ತಡ. ಆ ವರ್ಷ ಮಹಾದೇವಿ ಎಂಬ ಹುಡುಗಿ ಎದ್ದು ನಿಂತು, "ಸರ್, ನಮ್ಮ ಹೊಲದ ಯೂರಿಯಾ ಇದರಿಂದನ ಆಗತೈತಿ ಅಂದ್ರಿ. ಇದನ್ನ ಮಾಡೂದು ನೀವು ನೋಡೀರೇನ್ರಿ?" ಎಂದಳು. ನಾನು ನೋಡಿರಲಿಲ್ಲ. "ನಿಮಗೂ ತೋರಸ್ತೇನಿ" ಎಂದುಬಿಟ್ಟೆ. ಸಾಂಗ್ಲಿಯಲ್ಲಿ ದ್ರಾಕ್ಷಿ ವ್ಯಾಪಾರ ಮಾಡುವ ನಮ್ಮ ಸಂಬಂಧಿ ಬಾಬು ಕಾಕಾ ಒಂದು ಮದುವೆಯಲ್ಲಿ, ತಾವು ಹೊಸದಾಗಿ "ಅಮೋನಿಯಾ ಪ್ಲಾಂಟ್" ಹಾಕಿಸಿದ್ದಾಗಿ ಹೇಳಿದ್ದರು. ಆ ಮಾತಿನ ಮೇಲೆಯೇ ಈ ಪ್ರವಾಸ.

ಮಿರಜದ ಸ್ಟೇಷನ್ ಎದುರು ಚಹಾ ಕುಡಿದು ಸಿಟಿ ಬಸ್ ಹಿಡಿದೆವು. ಎರಡು ಊರುಗಳ ನಡುವೆ ಮೊದಲಿದ್ದ ಖಾಲಿ ಜಾಗವೆಲ್ಲ ತುಂಬುತ್ತಿತ್ತು: ಎಸ್‌ಟಿಡಿ ಬೂತು, ಮೋಟರ್ ಸೈಕಲ್ ಶೋರೂಮು, ಕಾಮಗಾರಿ ಮುಗಿಯದ ಅಪಾರ್ಟ್‌ಮೆಂಟು. ಸಾಂಗ್ಲಿಯಲ್ಲಿ ಇಳಿದು ಭಡಂಗ ಕೊಂಡೆವು. ಆ ಖಾರದ ಚುರುಮುರಿ ತಿನ್ನುತ್ತಲೇ ಕಾಕಾನ ಪ್ಲಾಂಟ್ ಇದ್ದ ಕವಲಾಪುರದ ಬಸ್ಸಿನಲ್ಲಿ ಕುಳಿತೆವು.

ಕಾಕಾ ಗೇಟಿನಲ್ಲೇ ಕಾಯುತ್ತಿದ್ದರು. ಒಳಗೆ ಒಣದ್ರಾಕ್ಷಿಯ ಪೆಟ್ಟಿಗೆಗಳು ಮಾಡಿನವರೆಗೆ. ಬಾಯಿಂದ ಹೊಗೆ ಬರುವಷ್ಟು ಚಳಿ.

"ಅಮೋನಿಯಾ ತಯಾರಾಗೂದು ಎಲ್ಲಿ ಕಾಕಾ?" ಎಂದೆ.

ಅವರು ನನ್ನ ಮುಖ ನೋಡಿ ನಕ್ಕರು. "ತಯಾರ್? ಇಲ್ಲಿ ಯಾರ್ ಮಾಡ್ತಾರೋ ಮಾಸ್ತರ! ಇದು ಕೋಲ್ಡ್ ಸ್ಟೋರೇಜ್. ಅಮೋನಿಯಾ ಹೊರಗಿಂದ ತರಸ್ತೇವಿ, ಥಂಡಿ ಮಾಡಾಕ ಅಷ್ಟ."

ಮಕ್ಕಳು ನನ್ನ ಕಡೆ ನೋಡಲಿಲ್ಲ. ಅದೇ ಹೆಚ್ಚು ಚುಚ್ಚಿತು. ನಾನು, ಕಾರ್ಖಾನೆಯಲ್ಲಿ ತಯಾರಾದ ಅಮೋನಿಯಾವನ್ನು ಕೊನೆಗೆ ತಂಪು ಮಾಡಿ ದ್ರವವಾಗಿಸಿಯೇ ಬೇರ್ಪಡಿಸುತ್ತಾರೆ, ಒತ್ತಿ ತಂಪು ಮಾಡಿದರೆ ದ್ರವವಾಗುವ ಆ ಗುಣವನ್ನಾದರೂ ಇಲ್ಲಿ ನೋಡಬಹುದು ಎಂದೆ. ಹೇಳಿದ್ದು ಸುಳ್ಳಲ್ಲ. ಆದರೂ ಕಿವಿ ಬಿಸಿಯಾಗಿದ್ದವು.

ಕಂಪ್ರೆಸರ್ ಕೋಣೆಗೆ ಹೋದೆವು. ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ. ಇಬ್ಬರು ಕೆಲಸಗಾರರು ವಾಲ್ವ್ ತೆರೆದು, ಅಮೋನಿಯಾದ ಕೊಳವೆಯ ತಳದಲ್ಲಿ ನಿಂತ ಎಣ್ಣೆ ತೆಗೆಯುತ್ತಿದ್ದರು. ಒಮ್ಮೆಲೇ ಬುಸ್ ಎಂದು ಬಿಳಿ ಹೊಗೆ ಎದ್ದಿತು. ಕಣ್ಣಿಗೆ ಸೂಜಿ ಚುಚ್ಚಿದಂತಾಯಿತು, ಉಸಿರು ಗಂಟಲಿನಲ್ಲೇ ನಿಂತಿತು. ಒಬ್ಬ ಕೆಲಸಗಾರ ಮರಾಠಿಯಲ್ಲಿ ಏನೋ ಕೂಗಿದ.

ನಾನು ಓಡಿದೆ. ಬಾಗಿಲಿಗೆ ಅಡ್ಡ ನಿಂತಿದ್ದ ಹುಡುಗನೊಬ್ಬನನ್ನು ಬದಿಗೆ ತಳ್ಳಿ, ಬಾಗಿಲು ದೂಡಿ, ಅಂಗಳ ದಾಟಿ ಗೇಟಿನ ಹತ್ತಿರ ಬಂದಾಗಲೇ ನಿಂತದ್ದು. ತಿರುಗಿದರೆ ಹಿಂದೆ ಯಾರೂ ಇರಲಿಲ್ಲ.

ಒಳಗಿನಿಂದ ಮಹಾದೇವಿಯ ದನಿ ಕೇಳಿಸುತ್ತಿತ್ತು. "ಅರಿವಿ ತೋಯಿಸಿ ಮೂಗಿಗೆ ಹಿಡೀರಿ! ನೀರಿಗೆ ಅದು ಕರಗತೈತಿ! ಬಗ್ಗಿ ನಡೀರಿ!" ನನ್ನದೇ ಪಾಠ. ಒಬ್ಬರ ಹೆಗಲು ಒಬ್ಬರು ಹಿಡಿದು ಮಕ್ಕಳು ಸಾಲಾಗಿ ಹೊರಬಂದರು, ಮೂಗಿಗೆ ಒದ್ದೆ ಕರವಸ್ತ್ರ, ಓಢಣಿ. ಕೊನೆಯವಳು ಮಹಾದೇವಿ. ಅವಳ ಕೈಯಲ್ಲಿ ಖಾಲಿ ನೀರಿನ ಬಾಟಲಿ. ಅಷ್ಟರಲ್ಲಿ ಕೆಲಸಗಾರರು ವಾಲ್ವ್ ಮುಚ್ಚಿದ್ದರು. ಕಾಕಾ ಎಲ್ಲರ ಕಣ್ಣು ತೊಳೆಸಿ, ಡಾಕ್ಟರನ್ನು ಕರೆಸಿ ತೋರಿಸಿದರು. ಯಾರಿಗೂ ಏನೂ ಆಗಿರಲಿಲ್ಲ. ನಾನು ತಳ್ಳಿದ ಹುಡುಗನ ಮೊಣಕೈ ಮಾತ್ರ ತರಚಿತ್ತು.

ಊಟಕ್ಕೆ ಕಾಕಾನ ಮನೆಯಲ್ಲಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ.

ತಿರುಗಿ ಬರುವಾಗ ರೈಲಿನಲ್ಲಿ, ಉಗಾರ ದಾಟಿದ ಮೇಲೆ ಮಹಾದೇವಿ ಎದುರಿನ ಸೀಟಿಗೆ ಬಂದು ಕುಳಿತಳು. "ಸರ್, ನೀವು ನಮಗ ಬಾಗಲಾ ತಗ್ಯಾಕ ಮುಂದ ಹೋದ್ರಿ, ಹೌದಲ್ರಿ?"

ಎಲ್ಲ ಮಕ್ಕಳೂ ಕಿಟಕಿಯ ಹೊರಗೆ ನೋಡುತ್ತಿದ್ದರು. ಈ ಮಾತನ್ನು ಅವರು ಕೂಡಿಯೇ ಗೊತ್ತು ಮಾಡಿದ್ದಾರೆಂದು ತಿಳಿಯಿತು. ನಾನು "ಹೂಂ" ಎಂದೆ.

ರಾಯಬಾಗದಲ್ಲಿ ಇಳಿದಾಗ ಸೂರ್ಯ ಮುಳುಗುತ್ತಿದ್ದ. ಮಹಾದೇವಿಯ ತಂದೆ ಕರೆದೊಯ್ಯಲು ಬಂದಿದ್ದರು. ಮಕ್ಕಳು ಗಡಿಬಿಡಿಯಲ್ಲಿ ಎಲ್ಲ ಹೇಳಿದರು: ಗ್ಯಾಸು, ಹೊಗೆ, ಸರ್ ಬಾಗಿಲು ತೆಗೆದದ್ದು. ಆ ಮನುಷ್ಯ ನೇರ ನನ್ನ ಬಳಿಗೆ ಬಂದು ಕೈಮುಗಿದರು.

"ಮಾಸ್ತರ, ನೀವಿದ್ರಿ ಅಂತ ಉಳದ್ವು ನಮ್ಮ ಹುಡುಗ್ರು."

"ಇಲ್ರಿ" ಎಂದೆ. "ನಾ ಬಾಗಲಾ ತಗದಿದ್ದು ನಾ ಓಡಿ ಹೋಗಾಕ. ಎಲ್ಲಾರ್ನೂ ಹೊರಗ ಕರಕೊಂಡು ಬಂದಾಕಿ ನಿಮ್ಮ ಮಗಳು."

ಮುಗಿದ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವರು ಹಾಗೇ ನಿಂತರು. ಆಮೇಲೆ, "ಆಗಲ್ರಿ. ಎಲ್ಲಾರೂ ಬಂದ್ರಲ್ಲಾ" ಎಂದು ಮಗಳ ಚೀಲ ತೆಗೆದುಕೊಂಡರು. ಮಹಾದೇವಿ ತಲೆ ತಗ್ಗಿಸಿದ್ದಳು. ಅವಳ ಮುಖ ಕೆಂಪಾಗಿತ್ತು. ತನ್ನ ಮಾಸ್ತರರಿಗಾಗಿ ಅವಳು ನಾಚಿಕೊಂಡಿದ್ದಳು.

ಅಪ್ಪ, ಮಗಳು ಹಳಿ ದಾಟಿ ಊರ ಕಡೆ ನಡೆದರು. ಅವಳು ಒಮ್ಮೆ ತಿರುಗಿ ನೋಡಿದಳು. ನಾನು ಕೈ ಎತ್ತಲಿಲ್ಲ.