ವಾರ್ನಿಷ್ ಹಚ್ಚದ ಅಂಚು

ನನ್ನ ಗಂಡ ಬಡಗಿ. ಮಾತು ಕಡಿಮೆ. ಮದುವೆಯಾದ ಹೊಸದರಲ್ಲಿ ನಾನು ಎರಡು ಮಾತಾಡಿದರೆ ಇವರದು ಒಂದು 'ಹೂಂ' ಇರುತ್ತಿತ್ತು, ಈಗ ನಾಲ್ಕಕ್ಕೆ ಒಂದು. ಆದರೆ ಪ್ಲೇನರ್ ಮಿಷಿನ್ ಕೈಗೆ ಬಂದರೆ ಸಾಕು, ಬಾಯಿಯ ಬೀಗ ತಾನಾಗಿಯೇ ಕಳಚಿಕೊಳ್ಳುತ್ತದೆ. ಮರದ ಮೈಯನ್ನು ತೆಳ್ಳಗೆ ಕೀಸುವ, ಎರಡೂ ಕೈಯಲ್ಲಿ ಹಿಡಿದು ನಡೆಸುವ ಆ ಕರೆಂಟಿನ ಮಿಷಿನ್‌ಗೆ ನಾನು ಇಟ್ಟ ಹೆಸರು ಸವತಿ.

ಸವತಿಗೆ ನಡೆಯುವ ಉಪಚಾರವನ್ನು ನೋಡಬೇಕು. ಶನಿವಾರ ಸಂಜೆ ಕೆಲಸದ ಕೋಣೆಯಲ್ಲಿ ಮೊದಲು ಪ್ಲಗ್ ಕೀಳುತ್ತಾರೆ. ಕಿತ್ತ ಪ್ಲಗ್ಗನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವಲ್ಲೇ ಇಟ್ಟುಕೊಳ್ಳುತ್ತಾರೆ. ಆಮೇಲೆ ಮಿಷಿನ್ನನ್ನು ಬೋರಲು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಮೂಲೆ ಮೂಲೆಯ ಹೊಟ್ಟು ತೆಗೆಯುತ್ತಾರೆ. ಪಕ್ಕದ ಮುಚ್ಚಳ ಬಿಚ್ಚಿ ಬೆಲ್ಟ್ ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸುತ್ತಾರೆ. ಬ್ಲೇಡು ಮೊಂಡಾಗಿದ್ದರೆ ಎರಡನ್ನೂ ಒಟ್ಟಿಗೇ ಬದಲಾಯಿಸುತ್ತಾರೆ, ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಎರಡೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡುತ್ತಾರೆ. ಕೊನೆಗೆ ಅಡಿಭಾಗಕ್ಕೆ ಮೇಣದ ಬತ್ತಿ ತಿಕ್ಕುತ್ತಾರೆ. ನನ್ನ ಕಾಲು ನೋವಿಗೆ ಇಷ್ಟು ಹೊತ್ತು ಎಣ್ಣೆ ತಿಕ್ಕಿದವರಲ್ಲ.

"ಒಂದು ಹೊಸಾ ಬ್ಲೇಡು, ಒಂದು ಹಳೇ ಬ್ಲೇಡು ಹಾಕಿದ್ರೆ ಮಿಷಿನ್ ನಡುಗತ್ತೆ ಕಣೇ. ಎರಡೂ ಒಂದೇ ಸಮ ಇರಬೇಕು."

"ಹಾಗಾದ್ರೆ ನಮ್ಮನೆ ಯಾಕೆ ನಡುಗ್ತಿಲ್ಲ? ನಾನೊಬ್ಬಳೇ ತಾನೆ ಹರಿತ ಇರೋದು."

"ಹೂಂ."

ಕೆಲಸಕ್ಕೆ ಹೋದಲ್ಲಿ ಇವರಿಗೆ ಇನ್ನೊಂದು ಅಭ್ಯಾಸ. ಸ್ವಿಚ್ ಬಿಟ್ಟ ಮೇಲೆ ಮಿಷಿನ್ನನ್ನು ಕೈಯಲ್ಲೇ ಹಿಡಿದು ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸುತ್ತಾರೆ. ಹತ್ತು ಮುಗಿಯುವ ತನಕ ಯಾರೂ ಹತ್ತಿರ ಸುಳಿಯುವಂತಿಲ್ಲ. ಆಮೇಲೂ ನೆಲದ ಮೇಲೆ ಇಡುವುದಿಲ್ಲ, ಮೂತಿ ಎತ್ತರದಲ್ಲಿ ಇರುವ ಹಾಗೆ ಒಂದು ಮರದ ತುಂಡಿನ ಮೇಲೆ ಇಡುತ್ತಾರೆ. ಬೀದಿಯವರೆಲ್ಲ ಇವರನ್ನು 'ಹತ್ತರ ಬಡಗಿ' ಅನ್ನುತ್ತಾರೆ. ಹಲಗೆ ಹಿಡಿದುಕೊಳ್ಳಲು ನನ್ನನ್ನು ಬಿಟ್ಟು ಇನ್ಯಾರನ್ನೂ ಸೇರಿಸುವುದಿಲ್ಲ. ಕೂದಲು ಬಿಗಿಯಾಗಿ ಕಟ್ಟು, ತೋಳು ಮೇಲೆ ಮಡಚು, ಕನ್ನಡಕ ಹಾಕು ಎಂದು ನನ್ನನ್ನು ಹತ್ತು ಸಲ ನೋಡಿ ಆಮೇಲೇ ಸ್ವಿಚ್ ಒತ್ತುವುದು. ಜನ ಇದನ್ನು ಹುಚ್ಚು ಅಂದುಕೊಂಡಿದ್ದಾರೆ. ಯಾಕೆಂದು ನನಗೆ ಗೊತ್ತು.

ಇವರಿಗೆ ಒಬ್ಬಳು ಅಕ್ಕ, ನನಗೆ ಅತ್ತಿಗೆ. ತಾಯಿ ತೀರಿಕೊಂಡಾಗ ಇವರಿಗೆ ಆರು, ಅಕ್ಕನಿಗೆ ಹದಿನಾಲ್ಕು. ತಲೆ ಬಾಚಿದ್ದು, ಅನ್ನ ಕಲಸಿ ಕೊಟ್ಟದ್ದು, ಪಾಠ ಬರದಿದ್ದರೆ ಕಿವಿ ಹಿಂಡಿದ್ದು ಎಲ್ಲ ಅವಳೇ. ಅವಳನ್ನು ಒಬ್ಬ ಟೈಲರಿಗೆ ಕೊಟ್ಟು ಮದುವೆ ಮಾಡಿದಾಗ ತಮ್ಮನೂ ಬೆನ್ನಿಗಂಟಿಕೊಂಡು ಹೋದ. ಭಾವ ಒಂದು ದಿನವೂ ಮುಖ ಊದಿಸಿದವರಲ್ಲ. ಇವರ ಮೊದಲ ಉದ್ದ ಪ್ಯಾಂಟು ಹೊಲಿದದ್ದು ಅವರೇ, ಬೆಳೆಯುವ ಹುಡುಗ ಎಂದು ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು.

ಹನ್ನೊಂದು ವರ್ಷದ ಹಿಂದೆ ಅಕ್ಕ, ಭಾವ ಹೊಸ ಮನೆ ಕಟ್ಟಿದರು. ಮುಂಬಾಗಿಲನ್ನು ಇವರೇ ಮಾಡಬೇಕೆಂದು ಹಟ ಹಿಡಿದು ಮಾಡಿದರು. ಕೂರಿಸುವ ದಿನ ಒಂದು ಅಂಚು ಚೌಕಟ್ಟಿಗೆ ತಾಗಿ ಸ್ವಲ್ಪ ಹಿಡಿಯುತ್ತಿತ್ತು. ಬಾಗಿಲಿನ ಆ ತುದಿ ಭಾವ ಹಿಡಿದಿದ್ದರು, ಇವರು ಮಿಷಿನ್ ಓಡಿಸಿದರು. ನಾನೂ ಅತ್ತಿಗೆಯೂ ಒಳಗೆ ಟೀ ಮಾಡುತ್ತಿದ್ದೆವು. ಮಿಷಿನ್ ಸದ್ದು ಇಳಿಯಿತು. ಅತ್ತಿಗೆ "ತಮ್ಮಾ, ಟೀ" ಎಂದು ಕೂಗಿದರು. ಇವರು ಮಿಷಿನ್ನನ್ನು ಪಕ್ಕದ ಮೇಜಿನ ಮೇಲಿಟ್ಟು ಈ ಕಡೆ ತಿರುಗಿದರು. ಹೊಟ್ಟು ಹೊರಬೀಳುವ ಬಾಯಲ್ಲಿ ಒಂದು ಉದ್ದನೆ ಸಿಪ್ಪೆ ಸಿಕ್ಕಿಕೊಂಡು ನೇತಾಡುತ್ತಿತ್ತಂತೆ. ಬಟ್ಟೆಯ ಮೇಲೆ ದಾರದ ಎಳೆ ಕಂಡರೆ ಟೈಲರನ ಕೈ ಸುಮ್ಮನಿರುವುದಿಲ್ಲವಲ್ಲ. ಭಾವ ಆ ಸಿಪ್ಪೆಯನ್ನು ಎಳೆಯಲು ಬಲಗೈ ಬೆರಳು ತೂರಿಸಿದರು. ಸ್ವಿಚ್ ಬಿಟ್ಟಿದ್ದರೂ ಒಳಗೆ ಬ್ಲೇಡು ಇನ್ನೂ ತಿರುಗುತ್ತಿತ್ತು.

ಎರಡು ಬೆರಳಿನ ತುದಿ ಹೋಯಿತು. ಕತ್ತರಿ ಹಿಡಿಯುವ ಕೈ. ಈಗ ಅಂಗಡಿಯಲ್ಲಿ ಅಳತೆ ತೆಗೆದುಕೊಂಡು ಬೇರೆಯವರ ಕೈಯಲ್ಲಿ ಹೊಲಿಸುತ್ತಾರೆ. ಭಾವ ಇವರನ್ನು ಬೈಯಲಿಲ್ಲ. ಬೈದಿದ್ದರೆ ನಾಲ್ಕು ದಿನಕ್ಕೆ ಮುಗಿದುಹೋಗುತ್ತಿತ್ತು. ಇವರೂ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ, ಮುಖ ತೋರಿಸಲಾರದೆ ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟರು. ಒಂದು ವರ್ಷ ಹೋಗುವುದಿಲ್ಲ, ಬರುವುದಿಲ್ಲ. ಆ ವರ್ಷವಿಡೀ ಇವರು ಊಟದ ಮಧ್ಯೆ ಕೈ ನಿಲ್ಲಿಸಿ ಕೂತುಬಿಡುತ್ತಿದ್ದರು. ಏನು ಎಂದರೆ, ಅಕ್ಕ ಹೀಗೇ ಸಾರು ಮಾಡುತ್ತಿದ್ದಳು ಅನ್ನುತ್ತಿದ್ದರು. ನನ್ನ ಸಾರು ಯಾವತ್ತೂ ಅತ್ತಿಗೆಯ ಸಾರಿನ ಹಾಗಿಲ್ಲ, ಅದು ನನಗೂ ಗೊತ್ತು.

ಮರುವರ್ಷ ಮಳೆ ಹಿಡಿದಾಗ ಅತ್ತಿಗೆಯ ಫೋನ್ ಬಂತು. "ತಮ್ಮಾ, ಬಾಗಿಲು ಹಿಡೀತಿದೆ ಕಣೋ. ಬಂದು ನೋಡ್ತೀಯಾ?"

ಓಡಿದೆವು. ಭಾವ ಮನೆಯಲ್ಲೇ ಇದ್ದರು. ಇವರು ಮಿಷಿನ್ ಹೊರಗೆ ತೆಗೆದು ಪ್ಲಗ್ ಹಾಕುತ್ತಿದ್ದಂತೆ ಚಪ್ಪಲಿ ಮೆಟ್ಟಿ ಹೊರಟುಹೋದರು. ಇವರ ಮುಖ ಸಪ್ಪಗಾಯಿತು. ಕೆಲಸ ಮುಗಿಸಿ, ಅತ್ತಿಗೆ ಕೊಟ್ಟ ಟೀ ಕುಡಿದು, ನೆಲ ನೋಡುತ್ತಾ ಬಂದೆವು. ಆ ಗಲಿಬಿಲಿಯಲ್ಲಿ ಕೀಸಿದ ಅಂಚಿಗೆ ವಾರ್ನಿಷ್ ಹಚ್ಚುವುದನ್ನೇ ಮರೆತಿದ್ದರು. ಬರೀ ಮರ ಬಿಟ್ಟರೆ ಅದು ನೀರು ಕುಡಿದು ಉಬ್ಬುತ್ತದೆ. ಮರುಮಳೆಗೆ ಬಾಗಿಲು ಮತ್ತೆ ಹಿಡಿಯಿತು, ಫೋನ್ ಮತ್ತೆ ಬಂತು.

ಆಮೇಲಿಂದ ಮರೆತದ್ದಲ್ಲ. ಬೇರೆಯವರ ಮನೆಯ ಅಂಚಿಗೆ ಎರಡೆರಡು ಸಲ ವಾರ್ನಿಷ್ ಹಚ್ಚುವ ಮನುಷ್ಯ, ಅಕ್ಕನ ಮನೆಗೆ ಹೊರಟ ದಿನ ಮಾತ್ರ ಡಬ್ಬಿಯನ್ನು ಮನೆಯಲ್ಲೇ ಬಿಡುತ್ತಿದ್ದರು. ಮೊದಲೆರಡು ವರ್ಷ ನಾನು ಜ್ಞಾಪಿಸಿದೆ. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ನನಗೂ ಅರ್ಥವಾಯಿತು, ನಾನೂ ಸುಮ್ಮನಾದೆ. ವರ್ಷಕ್ಕೆ ಒಂದು ದಿನ, ಎರಡು ಗಂಟೆ, ಒಂದು ಲೋಟ ಟೀ. ಅಷ್ಟಕ್ಕಾಗಿ ಇವರು ಮಳೆ ಯಾವಾಗ ಬರುತ್ತದೆಂದು ಕಾಯುತ್ತಿದ್ದರು. ಮೋಡ ಕಂಡರೆ ಬಟ್ಟೆ ಒಣಗಲಿಲ್ಲವೆಂದು ನಾನು ಗೊಣಗಿದರೆ ಇವರು ಕಿಟಕಿಯಲ್ಲಿ ನಿಂತು ಸಣ್ಣಗೆ ನಗುತ್ತಿದ್ದರು.

ಈ ವರ್ಷವೂ ಹೋದೆವು. ಬಾಗಿಲನ್ನು ಕೀಲಿನಿಂದ ಬಿಡಿಸಿ, ಎರಡು ಸ್ಟೂಲುಗಳ ನಡುವೆ ಅಂಚು ಮೇಲಾಗಿ ನಿಲ್ಲಿಸಿದೆವು. ನಾನು ಹಿಡಿದೆ. ಮೊಳೆ ಏನಾದರೂ ಅಡಗಿದೆಯೇ ಎಂದು ಇವರು ಅಂಚಿನುದ್ದಕ್ಕೂ ಅಯಸ್ಕಾಂತ ಓಡಿಸಿದರು. ಮೊಳೆಗೆ ಬ್ಲೇಡು ತಗುಲಿದರೆ ಚೂರು ಎಲ್ಲಿಗೆ ಹಾರುತ್ತದೋ ಯಾರಿಗೆ ಗೊತ್ತು. ವೈರನ್ನು ಭುಜದ ಮೇಲಿಂದ ಹಿಂದಕ್ಕೆ ಹಾಕಿಕೊಂಡು ಪ್ಲಗ್ ಸಿಕ್ಕಿಸಿದರು. ಭಾವ ಎಂದಿನಂತೆ ಚಪ್ಪಲಿ ಮೆಟ್ಟಿದರು.

ಅರ್ಧ ಮಿಲಿಮೀಟರಿನಂತೆ ಮೂರು ಸಲ ಕೀಸಿದರು. ಶುರುವಿನಲ್ಲಿ ಭಾರ ಮುಂದಿನ ಕೈ ಮೇಲೆ, ಮುಗಿಯುವಾಗ ಹಿಂದಿನ ಕೈ ಮೇಲೆ, ಎರಡೂ ತುದಿ ಗುಳಿ ಬೀಳದ ಹಾಗೆ. ಸ್ವಿಚ್ ಬಿಟ್ಟು ಎಣಿಸತೊಡಗಿದರು. ಒಂಬತ್ತು, ಹತ್ತು ಅನ್ನುವಷ್ಟರಲ್ಲಿ ಭಾವ ಗೇಟು ತೆಗೆದು ಒಳಗೆ ಬಂದರು. ಕೈಯಲ್ಲಿ ಒಂದು ವಾರ್ನಿಷ್ ಡಬ್ಬಿ, ಹೊಸ ಬ್ರಷ್ಷು.

"ಇದನ್ನ ಹಚ್ಚು" ಅಂದರು. ಹನ್ನೊಂದು ವರ್ಷದಲ್ಲಿ ಇವರೊಂದಿಗೆ ಆಡಿದ ಮೊದಲ ಮಾತು.

ಇವರು ತೊದಲಿದರು. "ನಾನು ಡಬ್ಬಿ ಮರೆತು ಬಂದೆ ಭಾವ."

"ಇಷ್ಟು ವರ್ಷಾನೂ ಮರೀತೀಯಾ? ಅಂಚು ಮಡಚಿ ಹೊಲೀದೆ ಬಿಟ್ರೆ ಬಟ್ಟೆ ಎಲ್ಲಿಂದ ಬಿಚ್ಕೊಳ್ಳತ್ತೆ ಅಂತ ನನಗೆ ಗೊತ್ತಿಲ್ವೇನೋ. ಮೂರನೇ ವರ್ಷವೇ ಕೈಯಾಡಿಸಿ ನೋಡ್ದೆ. ಮೈಯೆಲ್ಲ ನುಣ್ಣಗಿದೆ, ಅಂಚು ಮಾತ್ರ ಬರೀ ಮರ."

ಇವರ ಕಿವಿ ಕೆಂಪಾಯಿತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಅಣ್ಣ, ಇವರು ಬರೋದು ಬೇಡ ಅಂದ್ರೆ ನೇರವಾಗಿ ಹೇಳಿಬಿಡಿ. ಡಬ್ಬಿ ತಂದು ಮುಖಕ್ಕೆ ಹಿಡಿಯೋದ್ಯಾಕೆ" ಅಂದೆ. ಬಾಗಿಲಿಲ್ಲದ ಚೌಕಟ್ಟಿನಲ್ಲಿ ಅತ್ತಿಗೆ ನಿಂತಿದ್ದರು.

"ಬೇಡ ಅಂತ ನಾನು ಯಾವತ್ತಮ್ಮ ಅಂದೆ?" ಭಾವ ಅಲ್ಲೇ ಮೆಟ್ಟಿಲ ಮೇಲೆ ಕೂತರು. "ಅದರ ಸದ್ದು ನನ್ನ ಕೈಲಿ ಕೇಳಕ್ಕಾಗಲ್ಲ. ಅದು ಶುರುವಾದ್ರೆ ಈ ಕೈ ತಾನಾಗೇ ಮುಷ್ಟಿ ಆಗತ್ತೆ, ಮೈಯೆಲ್ಲ ಬೆವರತ್ತೆ. ಅದಕ್ಕೆ ಎದ್ದು ಹೋಗ್ತೀನಿ. ಇವನ ಮುಖ ನೋಡಬಾರದು ಅಂತ ಅಲ್ಲ." ಆಮೇಲೆ ಇವರ ಕಡೆ ತಿರುಗಿದರು. "ಒಂದ್ಸಲ ಸುಮ್ನೆ ಬಂದು ಕೂತ್ಕೋತೀಯ ಅಂತ ಪ್ರತಿ ವರ್ಷ ಕಾಯ್ತೀನಿ. ನೀನು ಪ್ರತಿ ವರ್ಷ ಅದನ್ನ ಹೊತ್ಕೊಂಡೇ ಬರ್ತೀಯ."

ಇವರು ಪ್ಲಗ್ ಕಿತ್ತು, ಮಿಷಿನ್ನನ್ನು ಚೀಲಕ್ಕೆ ಹಾಕಿ, ಚೀಲವನ್ನು ಕಾಂಪೌಂಡಿನ ಮೂಲೆಗೆ ಒಯ್ದಿಟ್ಟು ಬಂದರು. ಆಮೇಲೆ ಬ್ರಷ್ಷು ಹಿಡಿದರು. ಒಂದು ಸಲ ಹಚ್ಚಿದ್ದು ಒಣಗಿ ಎರಡನೇ ಸಲ ಹಚ್ಚಲು ನಾಲ್ಕು ಗಂಟೆ ಬೇಕು. ಹಾಗಾಗಿ ಊಟಕ್ಕೆ ಕೂತೆವು, ನಾಲ್ವರೂ. ಅತ್ತಿಗೆ ಕೇಳದೆಯೇ ಇವರ ತಟ್ಟೆಗೆ ಎರಡನೇ ಸಲ ಅನ್ನ ಹಾಕಿದರು, ಇವರು ಬೇಡವೆನ್ನದೆ ಉಂಡರು. ಸಂಜೆ ಬಾಗಿಲು ಏರಿಸುವಾಗ ಕೆಳಗಿನ ಮೂಲೆ ಹಿಡಿದವರು ಭಾವ. ಬೆರಳಲ್ಲಿ ತಳ್ಳಿದರೆ ಸಾಕು, ಬಾಗಿಲು ಹೋಗಿ ಕೂತಿತು. ಅತ್ತಿಗೆ ಎರಡು ಸಲ ತೆಗೆದು ಹಾಕಿ ನೋಡಿದರು. "ಇನ್ನು ಹಿಡಿಯಲ್ಲ ಅಲ್ವೇನೋ" ಅಂದರು. ಆ ದನಿಯಲ್ಲಿ ಸಂತೋಷ ಇರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಇವರು ಚೀಲವನ್ನು ಕಾಲ ಬಳಿ ಇಟ್ಟುಕೊಂಡು, "ಭಾವನನ್ನ ಅವರ ಮನೆಯಿಂದ ನಾನೇ ಓಡಿಸ್ತಾ ಇದ್ದೆ ಕಣೇ, ವರ್ಷ ವರ್ಷಾನೂ" ಅಂದರು. ಅದೊಂದೇ ಮಾತು.

ಇಷ್ಟಾದ ಮೇಲೆ ಎಲ್ಲ ಸರಿಹೋಯಿತು ಎಂದುಕೊಂಡವಳು ನಾನು. ನಾಲ್ಕು ತಿಂಗಳಾಯಿತು. ಪ್ರತಿ ಭಾನುವಾರ ಇವರು ಸ್ನಾನ ಮಾಡಿ ಇಸ್ತ್ರಿ ಅಂಗಿ ಹಾಕುತ್ತಾರೆ. ಪೇಪರ್ ಓದುತ್ತಾರೆ, ಇನ್ನೊಮ್ಮೆ ತಲೆ ಬಾಚುತ್ತಾರೆ. ಹನ್ನೊಂದಾಗುತ್ತದೆ, ಹನ್ನೆರಡಾಗುತ್ತದೆ. "ಇವತ್ತು ಬೇಡ, ಅವರಿಗೂ ಕೆಲಸ ಇರತ್ತೆ" ಎಂದು ಅಂಗಿ ಬಿಚ್ಚುತ್ತಾರೆ. "ಏನಂತ ಹೋಗಲಿ?" ಎಂದು ನನ್ನನ್ನೇ ಕೇಳುತ್ತಾರೆ. "ತಮ್ಮ ಅಂತ ಹೋಗಿ" ಅಂದರೆ ಮತ್ತೆ ಪೇಪರ್ ಎತ್ತಿಕೊಳ್ಳುತ್ತಾರೆ.

ಹೋದ ಭಾನುವಾರ ಅಂತೂ ಹೊರಟರು. ನಾನು ಬೇಕೆಂದೇ ಜೊತೆಗೆ ಹೋಗಲಿಲ್ಲ, ಅಕ್ಕ ತಮ್ಮ ಮನಸ್ಸು ಬಿಚ್ಚಿ ಮಾತಾಡಲಿ ಎಂದು. ಅಡುಗೆಯನ್ನೂ ಒಬ್ಬಳಿಗೇ ಮಾಡಿಕೊಂಡೆ. ಎರಡು ಗಂಟೆ ಕಳೆಯುವಷ್ಟರಲ್ಲಿ ವಾಪಸ್ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು.

"ಅಲ್ಲಿ ಊಟ ಮಾಡ್ಲಿಲ್ವಾ?"

"ಬಾಗಿಲು ತೆಗೆದೇ ಇತ್ತು. ಭಾವ ಒಳಗೆ ಕೂತಿದ್ರು. ಅಕ್ಕ ಒಂದ್ಸಲ ಹೊರಗೆ ಬಂದು ಬಟ್ಟೆ ತಗೊಂಡು ಹೋದ್ಲು. ಕೂದಲು ತುಂಬಾ ಬೆಳ್ಳಗಾಗಿದೆ ಕಣೇ. ನಾನು ಎದುರಿನ ಅಂಗಡಿ ಹತ್ರ ನಿಂತಿದ್ದೆ."

"ನಿಂತು?"

"ನಿಂತು ಬಂದೆ."

"ಒಳಗೆ ಹೋಗೋದು ತಾನೆ?"

ಇವರು ತಟ್ಟೆಯನ್ನು ನೋಡುತ್ತಾ ಹೇಳಿದರು. "ಹೋಗಬೇಕು ಅಂತಾನೇ ಹೋದೆ. ರಸ್ತೆ ದಾಟೋಕೆ ಕಾಲು ಬರಲಿಲ್ಲ. ಅಲ್ಲಿ ನನಗೆ ಏನೂ ಕೆಲಸ ಇರಲಿಲ್ಲ ಕಣೇ."

ಬೈಯಬೇಕೆಂದು ಬಾಯಿ ತೆರೆದವಳಿಗೆ ಅಳು ಬಂತು.