ತಾತ ಕೈಗೆ ನೀರು ಬಿಟ್ಟ ಭಾನುವಾರ

ಟೀವಿ ಜನರ ಯೋಚನೆಯನ್ನು ಹೇಗೆ ಬದಲಿಸುತ್ತದೆ ಎಂಬುದರ ಬಗ್ಗೆ ನಾನು ಒಂದು ಪುಸ್ತಕ ಬರೆದಿದ್ದೇನೆ. ಮುನ್ನೂರು ಪ್ರತಿ ಅಚ್ಚಾಗಿತ್ತು. ಹೊಳೆನರಸೀಪುರದಲ್ಲಿ ಬಿಡುಗಡೆಯಾದ ದಿನ ನಲವತ್ತು ಪ್ರತಿ ಹೋದವು, ಅದರಲ್ಲಿ ಹೆಚ್ಚಿನವು ವೇದಿಕೆಯ ಮೇಲಿದ್ದವರಿಗೆ. ಉಳಿದವು ಬಹುಪಾಲು ಹಾಸನದ ನಮ್ಮ ಮನೆಯ ಅಟ್ಟದಲ್ಲಿವೆ. ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಪೆನ್ಸಿಲ್ ಹಿಡಿದು ಓದಿದವರು ನನಗೆ ತಿಳಿದಂತೆ ಒಬ್ಬರೇ. ಅವರು ಚನ್ನರಾಯಪಟ್ಟಣದ ವಕೀಲರು. ಅರಕಲಗೂಡಿನ ಕೋರ್ಟಿನಲ್ಲಿ ನನ್ನ ಸೋದರತ್ತೆಯ ವಿರುದ್ಧ ವಾದಿಸುತ್ತಿದ್ದರು.

ಎಂ.ಎ. ಓದುವಾಗ ಈ ವಿಷಯದ ಮೇಲೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದ್ದೆ. ಟೀವಿ ನೋಡುವವರು ತುಂಡುತುಂಡಾಗಿ ಯೋಚಿಸುತ್ತಾರೆ, ತೋರಿಸದೇ ಇದ್ದದ್ದು ನಡೆದೇ ಇಲ್ಲ ಎಂದು ನಂಬುತ್ತಾರೆ, ಅಳಬೇಕಾದಾಗ ಧಾರಾವಾಹಿಯವರ ಹಾಗೆ ಅಳುತ್ತಾರೆ ಎಂದೆಲ್ಲ ಅವುಗಳಲ್ಲಿತ್ತು. ಅಂಥ ಪುಸ್ತಕ ಓದುವುದರಲ್ಲಿ ಒಂದು ಸುಖವಿದೆ. ಟೀವಿ ಕೆಡಿಸಿರುವುದು ಯಾವಾಗಲೂ ಬೇರೆಯವರ ತಲೆಯನ್ನು. ನಾನು ಹಾಗೆ ಮಾಡಬಾರದು, ಉದಾಹರಣೆಗೆ ನನ್ನ ತಲೆಯನ್ನೇ ತೆಗೆದುಕೊಳ್ಳಬೇಕು ಎಂದು ತೀರ್ಮಾನಿಸಿದೆ. ಇದು ಪ್ರಾಮಾಣಿಕತೆ ಎಂದು ಆಗ ಅನ್ನಿಸಿತ್ತು.

ಆ ಉದಾಹರಣೆ ನಲವತ್ತೊಂದನೇ ಪುಟದಲ್ಲಿದೆ. ನನಗೆ ಎಂಟೋ ಒಂಬತ್ತೋ ವರ್ಷ. ಅರಕಲಗೂಡಿನ ಹತ್ತಿರದ ನಮ್ಮೂರಿನಲ್ಲಿ ತಾತನ ಮನೆಯಲ್ಲಿ ಮಾತ್ರ ಟೀವಿ. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಬರುವ ಹೊತ್ತಿಗೆ ಅರ್ಧ ಊರು ಬಾಗಿಲಾಚೆ ಚಪ್ಪಲಿ ಬಿಟ್ಟು ಪಡಸಾಲೆಯಲ್ಲಿ ಕೂರುತ್ತಿತ್ತು. ಯಾರೋ ಒಬ್ಬರು ಪೆಟ್ಟಿಗೆಗೆ ಊದುಬತ್ತಿ ಬೆಳಗುತ್ತಿದ್ದರು. ಅಂಥ ಒಂದು ಭಾನುವಾರ, ಧಾರಾವಾಹಿ ಮುಗಿದ ಮೇಲೆ, ತಾತ ಎದ್ದು ನಿಂತು ಹಿತ್ತಾಳೆ ಚೆಂಬು ತರಿಸಿ, ಆಗಷ್ಟೇ ಮದುವೆಯಾಗಿದ್ದ ಅತ್ತೆಯ ಅಂಗೈಗೆ ನೀರು ಬಿಟ್ಟು, ಹೊಳೆ ಪಕ್ಕದ ಇಪ್ಪತ್ತು ಗುಂಟೆ ತೆಂಗಿನ ತೋಟ ನಿನ್ನ ಅರಿಶಿನ-ಕುಂಕುಮಕ್ಕೆ ಎಂದ. ಹೆಣ್ಣುಮಕ್ಕಳಿಗೆ ಹಾಗೆ ಕೊಡುವುದು ನಮ್ಮ ಕಡೆ ಇತ್ತು. ಕಾಗದ ಪತ್ರ ಇರುತ್ತಿರಲಿಲ್ಲ. ನೀರು ಬಿಟ್ಟರೆ ಮುಗಿಯಿತು.

ನನ್ನ ನೆನಪಿನಲ್ಲಿ ಆ ನೀರು ಬಹಳ ನಿಧಾನವಾಗಿ ಬೀಳುತ್ತದೆ. ಅದು ಬೀಳುವಾಗ ಮೊದಲು ದೊಡ್ಡಪ್ಪನ ಮುಖ, ಆಮೇಲೆ ದೊಡ್ಡಮ್ಮನ ಮುಖ, ಆಮೇಲೆ ನನ್ನ ಅಮ್ಮನ ಮುಖ, ಒಂದೊಂದೂ ಹತ್ತಿರದಲ್ಲಿ ಬಂದು, ಸ್ವಲ್ಪ ನಿಂತು, ಹೋಗುತ್ತದೆ. ನಾನು ಕೂತಿದ್ದದ್ದು ಎಲ್ಲರ ಹಿಂದೆ, ಕಂಬದ ಮರೆಯಲ್ಲಿ. ಅಲ್ಲಿಂದ ನನಗೆ ಯಾರ ಮುಖವೂ ಕಾಣುತ್ತಿರಲಿಲ್ಲ. ಧಾರಾವಾಹಿಯಲ್ಲಿ ರಾಜರು ನೀರು ಬಿಟ್ಟು ದಾನ ಕೊಡುವಾಗ ಮುಖಗಳು ಬರುತ್ತಿದ್ದದ್ದು ಹೀಗೆಯೇ. “ಕಣ್ಣು ಹೀಗೆ ನೋಡುವುದಿಲ್ಲ, ಕ್ಯಾಮೆರಾ ಹೀಗೆ ನೋಡುತ್ತದೆ. ಆದ್ದರಿಂದ ಈ ನೆನಪು ನನ್ನದಲ್ಲ” ಎಂದು ಬರೆದೆ. ಪುಸ್ತಕದಲ್ಲಿ ಚೆನ್ನಾಗಿ ಬಂದಿರುವ ಪುಟ ಅದೊಂದೇ ಎಂದು ಈಗಲೂ ಅನ್ನಿಸುತ್ತದೆ.

ಪುಸ್ತಕ ಬಂದ ಎರಡನೇ ವರ್ಷಕ್ಕೆ ನನಗೆ ಅಣ್ಣನಾಗಬೇಕಾದ ದೊಡ್ಡಪ್ಪನ ಮಗ ಅತ್ತೆಯ ಮೇಲೆ ದಾವೆ ಹಾಕಿದ. ದೊಡ್ಡಪ್ಪ ತೀರಿಹೋಗಿದ್ದರು. ಪಹಣಿಯಲ್ಲಿ ಆ ಇಪ್ಪತ್ತು ಗುಂಟೆಯೂ ಅವರ ಹೆಸರಿನಲ್ಲೇ ಇತ್ತು. ಪಕ್ಕದಲ್ಲಿ ರಸ್ತೆ ಅಗಲವಾಗಿ, ಅಣ್ಣನಿಗೆ ಅಲ್ಲಿ ಸೈಟು ಮಾಡುವ ಯೋಚನೆ ಬಂದಿತ್ತು. ಅತ್ತೆ ಅಷ್ಟೂ ವರ್ಷ ಅದೇ ತೋಟದ ಕಾಯಿ ಮಾರಿಕೊಂಡು ಬದುಕಿದವಳು. ಗಂಡ ಸತ್ತ ಮೇಲಂತೂ ಅವಳಿಗೆ ಬೇರೆ ಏನೂ ಇರಲಿಲ್ಲ. ಇದನ್ನು ಅವಳು ಹೇಳಲು ಹೋದಾಗ ಅಣ್ಣ ಊರವರ ಮುಂದೆಯೇ ಅಂದಿದ್ದ: “ಅರಿಶಿನ-ಕುಂಕುಮಕ್ಕೆ ಅಂತ ಕೊಟ್ಟಿದ್ರೆ ಕೊಟ್ಟಿರ್ಬೋದು ಕಣತ್ತೆ. ಈಗ ನಿಂಗೆ ಯಾತರ ಕುಂಕುಮ?”

ಮಗಳಾಗಿ ಪಾಲು ಕೇಳಬಹುದಿತ್ತು. ಅದು ಬೇರೆ ದಾವೆ, ಇನ್ನೊಂದು ಹತ್ತು ವರ್ಷ ಎಂದರು ಅತ್ತೆಯ ವಕೀಲರು. ಅವರಿಗೆ ಬೇಕಿದ್ದದ್ದು ಕೊಟ್ಟದ್ದನ್ನು ಕಣ್ಣಾರೆ ಕಂಡ ಒಬ್ಬ ಸಾಕ್ಷಿ. ಅಂದು ಪಡಸಾಲೆಯಲ್ಲಿದ್ದ ಮನೆಯ ದೊಡ್ಡವರೆಲ್ಲ ಸತ್ತಿದ್ದರು, ಊರವರಲ್ಲಿ ಉಳಿದವರು ಅಣ್ಣನ ವಿರುದ್ಧ ಕೋರ್ಟಿಗೆ ಬರಲು ಒಪ್ಪಲಿಲ್ಲ. ನಮ್ಮಪ್ಪ ತನ್ನ ಪಾಲು ಮಾರಿ ಹಾಸನಕ್ಕೆ ಬಂದವರಾದ್ದರಿಂದ ನನಗೆ ಆ ಜಮೀನಿನಲ್ಲಿ ಏನೂ ಬರಬೇಕಾಗಿರಲಿಲ್ಲ, ಮೇಲಾಗಿ ನಾನು ಕಾಲೇಜು ಮೇಷ್ಟ್ರು. ವಕೀಲರಿಗೆ ನಾನು ತುಂಬ ಹಿಡಿಸಿದೆ.

ಸಾಕ್ಷಿಗೆ ಮೊದಲು ಗೊರೂರು ದಾರಿಯ ಬಸ್ಸು ಹಿಡಿದು ಅತ್ತೆಯನ್ನು ಕೇಳಲು ಹೋದೆ. ಅವಳು ತೋಟದಲ್ಲಿ ಸೋಗೆ ಒಟ್ಟುತ್ತಿದ್ದಳು.

“ನೀರಾ? ನಂಗೆ ನೀರಿನ ಗ್ಯಾನ ಇಲ್ಲ ಕಣ್ಮಗ. ನಾನು ಒಲೆ ಮುಂದೆ ಇದ್ದೆ. ಅಷ್ಟು ಜನಕ್ಕೆ ಕಾಪಿ ಕಾಸೋರು ಯಾರು? ಅಪ್ಪ ಪಡಸಾಲೆಯಿಂದ ಕೂಗಿ ಯೋಳ್ತು, ಆ ಇಪ್ಪತ್ತು ಗುಂಟೆ ನಿಂದೇ ಕಣವ್ವ ಅಂತ. ನಾನು ಊಂ ಅಂದೆ.”

“ಅಷ್ಟೇನಾ ಅತ್ತೆ?”

“ಇನ್ನೇನ್ಲಾ, ಬ್ಯಾಂಡು ಬಾರಿಸ್ಬೇಕಿತ್ತಾ?” ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿತೇನೋ. “ನೀನು ಓದ್ಕಂಡೋನು. ಬಿಟ್ರು ಅಂದ್ರೆ ಬಿಟ್ಟಿರ್ಬೋದು ತಗಾ.”

ಇದನ್ನು ವಕೀಲರಿಗೆ ಹೇಳಿದೆ. “ನೀರು ಇರಲಿ ಬಿಡಿ ಸಾರ್. ನೀರು ಅಂದರೆ ಕೇಸು ಗಟ್ಟಿ” ಎಂದರು. ಪ್ರಮಾಣಪತ್ರದಲ್ಲಿ ಹಿತ್ತಾಳೆ ಚೆಂಬಿನ ಸಮೇತ ಬಂತು. ಪುಸ್ತಕದ ವಿಷಯ ಹೇಳಲಿಲ್ಲ. ಅದನ್ನು ಯಾರೂ ಓದಿರಲಾರರು ಎಂಬ ನನ್ನ ನಂಬಿಕೆಗೆ ಅಟ್ಟದ ಮೇಲೆ ಪುರಾವೆ ಇತ್ತು.

ಪಾಟೀಸವಾಲಿನ ದಿನ ಚನ್ನರಾಯಪಟ್ಟಣದ ವಕೀಲರು ಎದ್ದು, ಕಪ್ಪು ಕೋಟಿನ ಒಳಗಿನಿಂದಲೇ ತೆಗೆದ ಹಾಗೆ ನನ್ನ ಪುಸ್ತಕ ತೆಗೆದರು. ಅದರಲ್ಲಿ ಏಳೆಂಟು ಕಡೆ ಹಳದಿ ಚೀಟಿಗಳು ಇಣುಕುತ್ತಿದ್ದವು.

“ಇದು ನೀವೇ ಬರೆದ ಪುಸ್ತಕಾನಾ?”

“ಹೌದು” ಎಂದೆ. ಅಂಥ ಜಾಗದಲ್ಲೂ ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ನಲವತ್ತೊಂದನೇ ಪುಟ ಓದಲು ಹೇಳಿದರು. ಗಟ್ಟಿಯಾಗಿ ಓದಿದೆ. ನ್ಯಾಯಾಧೀಶರಾಗಿದ್ದ ಹೆಂಗಸು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಬಿಡುಗಡೆಯ ದಿನವೂ ಅಷ್ಟು ನಿಶ್ಶಬ್ದವಾದ ಸಭೆ ನನಗೆ ಸಿಕ್ಕಿರಲಿಲ್ಲ.

“ಈ ನೆನಪು ನನ್ನದಲ್ಲ ಅಂತ ಬರೆದಿದ್ದೀರಿ. ಇಲ್ಲಿ ಪ್ರಮಾಣಪತ್ರದಲ್ಲಿ ಕಣ್ಣಾರೆ ಕಂಡೆ ಅಂತಿದೆ. ಯಾವುದು ಸುಳ್ಳು?”

ನಾನು ವಿವರಿಸಲು ಹೊರಟೆ. ಟೀವಿ ನಮಗೆ ಘಟನೆಯನ್ನು ಕೊಡುವುದಿಲ್ಲ, ನೋಡುವ ಕ್ರಮವನ್ನು ಕೊಡುತ್ತದೆ, ಹಾಗಾಗಿ ಮುಖಗಳು ಬಂದ ಕ್ರಮ ಅನುಮಾನಾಸ್ಪದವೆಂದ ಮಾತ್ರಕ್ಕೆ ನೀರು... ಎನ್ನುವಷ್ಟರಲ್ಲಿ ನ್ಯಾಯಾಧೀಶರು ತಡೆದರು.

“ಪಾಠ ಬೇಡ ಸರ್. ನೀರು ಬಿಟ್ಟಿದ್ದನ್ನ ಮನೇಲಿ ನೋಡಿದ್ರಾ, ಟೀವಿಲಿ ನೋಡಿದ್ರಾ?”

ಅತ್ತೆ ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಮನೆಯಲ್ಲಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ನಿಮಗೆ ಗೊತ್ತಿರುವುದನ್ನು ಮಾತ್ರ ಬರೆಯಿರಿ ಎಂದು ಹೇಳುತ್ತ ಬಂದವನು ನಾನು.

“ಗೊತ್ತಿಲ್ಲ” ಎಂದೆ. “ಆದರೆ ಅತ್ತೆ ಆ ತೋಟದ ಕಾಯಿ ಕೀಳಿಸುತ್ತಿದ್ದದ್ದನ್ನು ಪ್ರತಿ ವರ್ಷ ನೋಡಿದ್ದೇನೆ.”

“ಅದನ್ನ ಯಾರೂ ಇಲ್ಲ ಅಂದಿಲ್ಲ” ಎಂದರು ಎದುರು ವಕೀಲರು. ನ್ಯಾಯಾಧೀಶರು ಬೆರಳಚ್ಚುಗಾರರಿಗೆ ಹೇಳಿ ಬರೆಸಿದರು: ನೀರು ಬಿಟ್ಟದ್ದನ್ನು ಮನೆಯಲ್ಲಿ ನೋಡಿದೆನೋ ಟೀವಿಯಲ್ಲಿ ನೋಡಿದೆನೋ ಹೇಳಲು ಬರುವುದಿಲ್ಲ. ನನ್ನ ಇನ್ನೂರು ಪುಟದ ಪುಸ್ತಕ ಹೇಳಲು ಹೊರಟದ್ದು ಆ ಒಂದು ವಾಕ್ಯದಲ್ಲಿತ್ತು. ಅದರ ಕೆಳಗೆ ಸಹಿ ಹಾಕಿದೆ.

ಹೊರಗೆ ಬಂದಾಗ ಅತ್ತೆ “ಬಸ್ಸು ಹೊತ್ತಾಯ್ತದೆ” ಎಂದು ನಡೆದಳು. ಅವಳ ವಕೀಲರು ನನ್ನ ಕಡೆ ನೋಡಲಿಲ್ಲ. ನೋಡಿದವನು ಅಣ್ಣ ಒಬ್ಬನೇ, ಕೋರ್ಟಿನ ಎದುರಿನ ಟೀ ಅಂಗಡಿಯಿಂದ.

“ಬಾರ್ಲಾ ಮೇಷ್ಟ್ರೇ, ಟೀ ಕುಡಿ. ಗೊತ್ತಿಲ್ಲ ಅಂತ ಯೋಳಕ್ಕೆ ಆಸನದಿಂದ ಬಂದ್ಯಲ್ಲ, ಅದ್ನ ಪೋನಲ್ಲೇ ಯೋಳ್ಬೋದಾಗಿತ್ತು.”

ಟೀ ಬಂತು. ಅವನು ಗೆದ್ದವನ ಹಾಗೆ ಕಾಣುತ್ತಿರಲಿಲ್ಲ. ಲೋಟ ತಿರುಗಿಸುತ್ತ ಕೂತಿದ್ದವನು ಇದ್ದಕ್ಕಿದ್ದ ಹಾಗೆ ಅಂದ: “ನೀನು ಒಳಗೆ ಓದಿದ್ಯಲ್ಲ, ಅಂಗೇ ಆಗಿದ್ದು ಕಣ್ಲಾ.”

“ಏನು?”

“ನೀರು. ತಾತ ನಿಂತ್ಕಂಡು ಬಿಟ್ಟುದ್ದು. ನಮ್ಮಪ್ಪನ ಮಕ ಎಂಗಾಯ್ತು ಅಂತ ಈಗ ನೋಡ್ದಂಗೈತೆ. ಆಮೇಲೆ ನಮ್ಮವ್ವನ ಮಕ. ಆಮೇಲೆ ನಿಮ್ಮವ್ವಂದು.”

ಅದೇ ಕ್ರಮ. ನಾನು ಲೋಟ ಕೆಳಗಿಟ್ಟೆ. “ನನ್ನ ಪುಸ್ತಕ ಓದಿದ್ದೀಯಾ ಅಣ್ಣ?”

“ಪುಸ್ತಕ ಯಾರು ಓದ್ತಾರೆ? ಲಾಯರು ಆ ಒಂದು ಪುಟ ಜೆರಾಕ್ಸ್ ಮಾಡಿ ಕೊಟ್ಟಿದ್ರು. ಮೂರು ಸಲ ಓದ್ದೆ. ನಂಗೆ ಪೂರ್ತಿ ಮರ್ತೋಗಿತ್ತು ಕಣ್ಲಾ. ಓದ್ತಾ ಓದ್ತಾ ಎಲ್ಲ ಬಂತು.” ಉಳಿದ ಟೀ ಒಂದೇ ಗುಟುಕಿಗೆ ಕುಡಿದ. “ನಾನು ಬರೀ ಬಾಯ್ಮಾತು ಅನ್ಕಂಡಿದ್ದೆ. ನೀರು ಬಿಟ್ಟುದ್ದು ಅಂದ್ರೆ ಬ್ಯಾರೆ. ಅದ್ನ ಕಿತ್ಕಂಡು ಸೈಟು ಮಾಡಿದ್ರೆ ಯಾವನಿಗೆ ಒಳ್ಳೇದಾದಾತು? ರಾಜಿ ಮಾಡ್ಕತೀನಿ.”

ಅವನು ಆ ಕಾಲದಲ್ಲಿ ಹೊಳೆನರಸೀಪುರದ ಹಾಸ್ಟೆಲಿನಲ್ಲಿದ್ದ, ಊರಿಗೆ ಬರುತ್ತಿದ್ದದ್ದು ಹಬ್ಬಕ್ಕೆ ಮಾತ್ರ. ಹಾಗೆಂದು ನನ್ನ ನೆನಪು. ಆದರೆ ನನ್ನ ನೆನಪಿನ ಬೆಲೆ ಎಷ್ಟು ಎಂಬುದು ಒಂದು ಗಂಟೆಯ ಹಿಂದಷ್ಟೇ ದಾಖಲಾಗಿತ್ತು. ಓದಿದ್ದನ್ನು ಕಂಡದ್ದೆಂದು ನಂಬುವವರನ್ನು ಎಚ್ಚರಿಸಬೇಕಾದವನು ನಾನು. ಅದಕ್ಕಾಗಿಯೇ ಪುಸ್ತಕ ಬರೆದದ್ದು. ಇನ್ನೊಂದು ಟೀ ಹೇಳಲಾ ಎಂದು ಕೇಳಿದೆ. ಹೇಳು ಎಂದ.

ರಾಜಿ ಅರ್ಜಿ ಒಪ್ಪಿಸಿದ ದಿನ ನಾನೂ ಹೋಗಿದ್ದೆ. ಸಾಕ್ಷಿಯಾಗಿ ಅಲ್ಲ, ಅತ್ತೆಯನ್ನು ಕರೆದುಕೊಂಡು. ಇಷ್ಟಪಟ್ಟು ಮಾಡುತ್ತಿದ್ದೀರಾ ಎಂದು ನ್ಯಾಯಾಧೀಶರು ಅಣ್ಣನನ್ನು ಕೇಳಿದರು.

“ಹೂಂ ಮೇಡಂ. ನಮ್ಮ ತಾತ ನೀರು ಬಿಟ್ಟು ಕೊಟ್ಟುದ್ದು. ನಾನೇ ಕಣ್ಣಾರೆ ನೋಡಿದೀನಿ.”

ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನಾನು ಕೂತಿದ್ದ ಬೆಂಚಿನ ಕಡೆ ನೋಡಿದರು. ಪೆನ್ನು ಹಿಡಿದಿದ್ದ ಅತ್ತೆಯೂ ಕಾಗದದ ಮೇಲೆ ಕೈ ಇಡದೆ ನನ್ನ ಕಡೆಗೇ ತಿರುಗಿದಳು.

“ಸಹಿ ಹಾಕು ಅತ್ತೆ” ಎಂದೆ.